ಲೋಡ್ ಹಾಕೋ ಮೊದಲು ಆರ್‌ಸಿ ನೋಡಿ

ಪ್ರಶ್ನೆ: ನನ್ನ ಹತ್ತಿರ ಇರುವುದು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್. ಅಣ್ಣ ಹಳೇ ಆರು ಚಕ್ರದ ಟಿಪ್ಪರ್ ತಗೊಂಡಿದ್ದಾನೆ. ‘ಕಾರ್ ಲೈಸೆನ್ಸ್ ಇದ್ದರೆ ಲಾರಿನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ’ ಅಂತಾನೆ. ಹೌದಾ?
– ಓದುಗರು, ಹಿರಿಯೂರು

ಉತ್ತರ: ಅರ್ಧ ಮಾತ್ರ ನಿಜ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 7,500 ಕೆಜಿ ಮೀರದ ಗಾಡಿಗಳ ಬಗ್ಗೆ. ಅಷ್ಟರೊಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ ಸಾಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಈ ಏಳೂವರೆ ಟನ್ ಅಂದರೆ ಲೋಡ್ ಅಲ್ಲ. ಖಾಲಿ ಗಾಡಿ, ಮೇಲಿನ ಮಾಲು, ಡೀಸೆಲ್, ಒಳಗೆ ಕೂತವರು ಎಲ್ಲ ಸೇರಿದ ಒಟ್ಟು ತೂಕ. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಖಾಲಿ ತೂಕ ಬೇರೆ, ಒಟ್ಟು ತೂಕ ಬೇರೆ ಇರುತ್ತದೆ, ಎರಡನೆಯದನ್ನು ನೋಡಿ. ಚಕ್ರ ಎಣಿಸಿ ತೀರ್ಮಾನ ಮಾಡಬೇಡಿ, ಆರು ಚಕ್ರದಲ್ಲಿ ಚಿಕ್ಕವೂ ಇವೆ, 16 ಟನ್ ದಾಟಿದವೂ ಇವೆ.

7,500 ದಾಟಿದರೆ ಮಧ್ಯಮ, 12,000 ದಾಟಿದರೆ ಭಾರೀ ವಾಹನ. ಅದಕ್ಕೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಬೇಕು. ವಯಸ್ಸು 20 ಆಗಿರಬೇಕು, ಎಲ್‌ಎಂವಿ ತಗೊಂಡು ಒಂದು ವರ್ಷ ಕಳೆದಿರಬೇಕು, ಆಮೇಲೆ ಎಲ್‌ಎಲ್ (ಕಲಿಕಾ ಲೈಸೆನ್ಸ್). ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟೂ ಡಾಕ್ಟರ ಸರ್ಟಿಫಿಕೇಟೂ ಕೊಡಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನು 2019ರಲ್ಲೇ ತೆಗೆದಿದ್ದಾರೆ, ಈಗಲೂ ಯಾರಾದರೂ ಅದನ್ನು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಐದು ವರ್ಷಕ್ಕೊಮ್ಮೆ ರಿನ್ಯೂವಲ್. ಆ ಲೈಸೆನ್ಸ್ ಕೈಗೆ ಬರುವವರೆಗೆ ದಯವಿಟ್ಟು ಆ ಟಿಪ್ಪರ್ ಮುಟ್ಟಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ನಿಮ್ಮ ಅಣ್ಣನಿಂದಲೇ ವಸೂಲಿ ಮಾಡಬಹುದು, ಆಗ ಟಿಪ್ಪರ್ ಮಾರಿದರೂ ಸಾಲದು.

ಪ್ರಶ್ನೆ: ಕ್ರಷರ್‌ನಿಂದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ಹೊಡೆಯುತ್ತೇನೆ. ಓನರ್ ಹಿಂದಿನ ಸ್ಪ್ರಿಂಗ್‌ಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿ ‘ಇನ್ನು ಮೂರು ಟನ್ ಆರಾಮಾಗಿ ತಡೆಯುತ್ತೆ, ತುಂಬು’ ಅಂತಾರೆ. ಹಿಡಿದರೆ ದಂಡ ಯಾರು ಕಟ್ಟಬೇಕು?
– ಟಿಪ್ಪರ್ ಚಾಲಕ, ಚಿಕ್ಕಬಳ್ಳಾಪುರ

ಉತ್ತರ: ಪ್ಲೇಟ್ ಹಾಕಿಸಿದರೆ ಸ್ಪ್ರಿಂಗ್ ಕೂರುವುದಿಲ್ಲ, ಅಷ್ಟೇ. ಬ್ರೇಕ್ ಅದೇ, ಆಕ್ಸಲ್ (ಚಕ್ರ ಜೋಡಿಸಿರುವ ಅಚ್ಚು) ಅದೇ, ಟೈರ್ ಅದೇ. ಶಿರಾಡಿಯಂಥ ಘಾಟಿಯಲ್ಲಿ ಓವರ್‌ಲೋಡ್ ಇಳಿಸುವಾಗ ಕಾದ ಬ್ರೇಕ್ ಹಿಡಿಯದೇ ಹೋದರೆ ಸ್ಟೀರಿಂಗ್ ಹಿಂದೆ ಇರುವುದು ನೀವು, ಓನರ್ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿದ್ದು ನಿಜ, ನಾಲ್ಕು ಟೈರಿನ ಒಂಟಿ ಆಕ್ಸಲ್ 10.2ರಿಂದ 11.5 ಟನ್, ಜೋಡಿ ಆಕ್ಸಲ್ 19ರಿಂದ 21 ಟನ್. ಆದರೆ ನಿಮ್ಮ ಗಾಡಿಗೆ ಅದರ ಆರ್‌ಸಿಯಲ್ಲಿ ಬರೆದದ್ದೇ ಲೆಕ್ಕ.

ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಮೂರು ಟನ್ ಅಂದರೆ 26,000, ಇಳಿಸುವ ಖರ್ಚು ಬೇರೆ. ಹೆಚ್ಚಿನ ಮಾಲು ಇಳಿಸದೆ ಗಾಡಿ ಬಿಡುವ ಹಾಗಿಲ್ಲ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಕಾನೂನು ಓಡಿಸಿದವರನ್ನೂ ಹಿಡಿಯುತ್ತದೆ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ಓನರ್‌ಗೆ ಗೊತ್ತಿದ್ದೇ, ಅವರ ಮಾತಿನ ಮೇಲೇ ಹೀಗಾಯಿತು ಅಂತ ಕೋರ್ಟ್ ಭಾವಿಸಬಹುದು, ಹಾಗಾಗಿ ‘ಎಲ್ಲ ನಿನ್ನ ತಲೆಗೇ’ ಅಂದರೆ ಹೆದರಬೇಡಿ. ವೇ ಬ್ರಿಡ್ಜ್ ಚೀಟಿ ಎಸೆಯಬೇಡಿ, ಪ್ರತಿ ಟ್ರಿಪ್ಪಿನದೂ ಫೋಟೊ ತೆಗೆದಿಡಿ. ಮಳೆಗಾಲದಲ್ಲಿ ಇನ್ನೂ ಹುಷಾರು. ಒದ್ದೆ ಎಂ-ಸ್ಯಾಂಡ್ ಬಾಡಿಯಲ್ಲಿ ಅದೇ ಮಟ್ಟಕ್ಕೆ ಕಂಡರೂ ತೂಕ ಜಾಸ್ತಿ, ಕಣ್ಣಂದಾಜು ನಂಬಬೇಡಿ.

ರಸ್ತೆಯದೂ ಒಂದು ಮಾತು. ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು ಅನ್ನುವುದು ಎಂಜಿನಿಯರುಗಳ ಲೆಕ್ಕ. ಕ್ರಷರ್ ಇರುವ ಊರುಗಳಲ್ಲಿ ಮಕ್ಕಳು ಶಾಲೆಗೆ ಹೋಗುವ ದಾರಿ ವರ್ಷ ತುಂಬುವುದರೊಳಗೆ ಗುಂಡಿ ಬೀಳುವುದು ಸುಮ್ನೆ ಅಲ್ಲ.

ಪ್ರಶ್ನೆ: ತರಕಾರಿ ಸಾಗಿಸಲು ಚಿಕ್ಕ ಗೂಡ್ಸ್ ಗಾಡಿ ತಗೊಳ್ಳಬೇಕು. ಪರ್ಮಿಟ್ ಬೇಕಾ?
– ರೈತ ಮಹಿಳೆ, ಕೋಲಾರ

ಉತ್ತರ: ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡಮ್ಮ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಮಾತ್ರ ತಪ್ಪಿಸಬೇಡಿ.