‘ಸಂಬಂಧ ಎಲ್ಲಿ?’ ಅಂತ ವಾಪಸ್ ಬಂದ ಅಸೈನ್‌ಮೆಂಟಿಗೆ

ಮಾನವಶಾಸ್ತ್ರ, ಅಂದರೆ ಮನುಷ್ಯರ ಸಮಾಜ-ಸಂಸ್ಕೃತಿಗಳ ಅಧ್ಯಯನ, ಹೆಂಗ ಹುಟ್ಟಿತು, ಶಿಕ್ಷಣಕ್ಕೂ ಅದಕ್ಕೂ ಏನು ಸಂಬಂಧ ಅಂತ ಬರೀಬೇಕಿತ್ತು; ನೀವು ಉಗಮ ಒಂದು ಕಡೆ, ಶಿಕ್ಷಣ ಒಂದು ಕಡೆ ಅಂತ ಎರಡು ತುಂಡು ಮಾಡಿ ಬರೆದೀರಿ. ನಿಮ್ಮ ಬಿ.ಎಡ್. ಅಸೈನ್‌ಮೆಂಟ್ ಎರಡು ಸಲ ವಾಪಸ್ ಬಂದದ್ದು ಬಹುಶಃ ಅದಕ್ಕೇ. ನನ್ನದೂ ಹಾಗೇ ಬಂದಿತ್ತು.

ಮೊದಲು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಮೇಲಿನ ಎರಡು ಪುಟ ತೆಗೆದುಹಾಕ್ರಿ. ಇಂಗ್ಲಿಷ್ ಮಾನವಶಾಸ್ತ್ರಜ್ಞ ಟೈಲರ್‌ನ 1871ರ ಪುಸ್ತಕದಿಂದ ಶುರು ಮಾಡ್ರಿ. ಸಂಸ್ಕೃತಿ ಅಂದರೆ ಮನುಷ್ಯ ಸಮಾಜದೊಳಗಿದ್ದು ಗಳಿಸಿಕೊಂಡದ್ದು ಅಂದನಲ್ಲ, ಆ ‘ಗಳಿಸಿಕೊಂಡದ್ದು’ ಅನ್ನೋ ಮಾತಿನಲ್ಲೇ ಮಾನವಶಾಸ್ತ್ರಕ್ಕೂ ಶಿಕ್ಷಣಕ್ಕೂ ಗಂಟು ಬೀಳೋದು. ಹುಟ್ಟಿನಿಂದ ಬಾರದ್ದನ್ನು ಎಲ್ಲೋ ಕಲಿತಿರಲೇಬೇಕು. ಆಮೇಲೆ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ: ಮೊದಲ ಮಹಾಯುದ್ಧದ ಕಾಲಕ್ಕೆ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪದಾಗ ಊರವರ ನಡುವೆ ಡೇರೆ ಹಾಕಿ, ಅವರ ಮಾತು ಕಲಿತು ನೋಡಿದವ. ಒಂದು ಪ್ಯಾರಾ ಸಾಕು.

ಉಳಿದ ಜಾಗ ಸೀರೆ ನೇಯೋ ಊರು ಇಳಕಲ್ಲಿಗೆ ಕೊಡ್ರಿ; ಮಾಲಿನೋವ್‌ಸ್ಕಿಯಂಗ ನೀವೂ ಜನರ ನಡುವೆ ಕೂತು, ಮಗು ಹೆಂಗ ಕಲೀತದ ಅಂತ ನೋಡ್ರಿ. ಬಾಗಲಕೋಟೆಯಲ್ಲೇ ಇದ್ದೀರಿ, ಬಸ್ ಹತ್ರಿ. ಕೇಳಿಕೊಂಡು ಮಗ್ಗದ ಮನೆಯೊಳಗ ಎರಡು ಸಂಜೆ ಕೂಡ್ರಿ. ಸೀರೆಯ ಮೈಯ ಹಾಸಿನ (ಮಗ್ಗದ ಉದ್ದ ಎಳೆಗಳ) ಜೊತೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವಾಗ ಪಕ್ಕದ ಮಗು ಏನು ಮಾಡತದ, ತಪ್ಪಿದರೆ ಯಾರು ತಿದ್ದತಾರ, ಬಾಯಿಂದಲೋ ಕೈಯಿಂದಲೋ, ಇಷ್ಟೇ ಬರಕೊಳ್ರಿ. ಪ್ರಶ್ನಾವಳಿ ಬೇಡ, ಅದನ್ನು ಕಂಡ ಕೂಡಲೇ ಎಲ್ಲರೂ ಪಾಠ ಒಪ್ಪಿಸಾಕ ಶುರು ಮಾಡತಾರ. ಅದೇ ಮಗು ಶಾಲೆಯಲ್ಲಿ ಲೆಕ್ಕ ಹೆಂಗ ಮಾಡತದ ಅಂತ ಒಂದು ದಿನ ನೋಡಿ, ಎರಡನ್ನೂ ಪಕ್ಕಪಕ್ಕ ಇಡ್ರಿ. ಮಕ್ಕಳ ಹೆಸರು ಬದಲಿಸ್ರಿ.

ಶಾಲೆಯವರು ಕಾಲೇಜಿನ ಪತ್ರ ಕೇಳಬಹುದು, ಹೊರಡೋ ಮೊದಲೇ ಮಾಡಿಸಿಕೊಳ್ರಿ.