ಅಂಗೈಯಗಲದ ದಂಡಿಗೆ ಬಣ್ಣ

ಮೇಜಿನ ಮೇಲೆ ಯುದ್ಧದಾಟ ಆಡುವವರು ಬಳಸುವ ಕಿರುಗೊಂಬೆಗಳಿಗೆ, ಅಂದರೆ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳು ಚಳಿಗಾಲದ ಪೇಂಟಿಂಗ್ ಚಾಲೆಂಜ್‌ಗೆ, ಅಂದರೆ ಗೊತ್ತಾದ ಅವಧಿಯಲ್ಲಿ ಮುಗಿಸಿದ ಗೊಂಬೆಗಳಿಗೆ ಅಂಕ ಸಿಗುವ ಪಂದ್ಯಕ್ಕೆ ಹೆಸರು ಕೊಟ್ಟವರಿಂದಲೇ ಬಂದಿವೆ.

ಪ್ರಶ್ನೆ: ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಡೆಯುವ ಚಾಲೆಂಜ್ ಒಂದರಲ್ಲಿ ಪಾಲ್ಗೊಂಡಿದ್ದೇನೆ. 28 ಮಿ.ಮೀ. ಅಳತೆಯ ಒಬ್ಬ ಕಾಲಾಳಿಗೆ 5 ಅಂಕ, ಕುದುರೆ ಸವಾರನಿಗೆ 10 ಅಂಕ. ಟಿಪ್ಪು ಸುಲ್ತಾನನ ಪಡೆಯ 60 ಕಾಲಾಳುಗಳನ್ನೂ 10 ಸವಾರರನ್ನೂ ಮುಗಿಸಿ 400 ಅಂಕ ಗಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ತಿಂಗಳು ಕಳೆದರೂ ಮುಗಿದಿರುವುದು 11 ಕಾಲಾಳು ಮಾತ್ರ. ಉಳಿದ ಎಂಟು ವಾರಗಳಲ್ಲಿ ಇದು ಸಾಧ್ಯವೇ?
— ಬೆಂಗಳೂರಿನ ಓದುಗರು

ಉತ್ತರ: ನೀವು ಒಂದೊಂದೇ ಗೊಂಬೆಯನ್ನು ಕೈಗೆತ್ತಿಕೊಂಡು ಪೂರ್ತಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದೀರಿ ಎಂಬುದು ಪತ್ರದೊಡನೆ ಕಳಿಸಿದ ಚಿತ್ರಗಳಿಂದಲೇ ತಿಳಿಯುತ್ತದೆ. ಮೊದಲನೆಯ ಸಿಪಾಯಿಯ ಕಣ್ಣಿನ ಪಾಪೆಯನ್ನೂ ನೀವು ಬಿಟ್ಟಿಲ್ಲ. ಹನ್ನೊಂದನೆಯವನ ಹೊತ್ತಿಗೆ ನಿಮ್ಮ ಕೈ ದಣಿದಿರುವುದು ಅವನ ಪೇಟದ ಅಂಚಿನಲ್ಲಿ ಕಾಣುತ್ತದೆ. ಆಟದ ಮೇಜಿನ ಮೇಲೆ ಈ ಗೊಂಬೆಗಳನ್ನು ನೋಡುವವರು ಎರಡು ಮೂರು ಅಡಿ ದೂರದಲ್ಲಿ ನಿಂತಿರುತ್ತಾರೆ, ನೋಡುವುದೂ ಮೇಲಿನಿಂದ. ಆ ದೂರದಲ್ಲಿ ಕಣ್ಣಿನ ಪಾಪೆ ಇದೆಯೋ ಇಲ್ಲವೋ ಎಂಬುದು ಬಣ್ಣ ಹಚ್ಚಿದವರಿಗೆ ಮಾತ್ರ ಗೊತ್ತಿರುತ್ತದೆ. ಎದ್ದು ಕಾಣುವುದು ಪೇಟ, ಭುಜ, ಮುಖದ ಮೇಲ್ಭಾಗ, ಬಂದೂಕಿನ ಓರೆ ಗೆರೆ ಮತ್ತು ಗೊಂಬೆ ನಿಂತ ಪೀಠದ ಅಂಚು, ಇಷ್ಟೇ.

ಉಳಿದ 49 ಕಾಲಾಳುಗಳನ್ನು 12, 12, 12, 13 ಎಂದು ನಾಲ್ಕು ತಂಡ ಮಾಡಿಕೊಂಡು, ತಂಡಕ್ಕೆ ಹತ್ತು ದಿನದಂತೆ ನಲವತ್ತು ದಿನ ಕೊಡಿ. ಸವಾರರಿಗೆ ಹದಿನಾರು ದಿನ ಉಳಿಯುತ್ತದೆ. ಪ್ರತಿ ಗೊಂಬೆಯನ್ನೂ ಒಂದು ಬಾಟಲಿ ಮುಚ್ಚಳಕ್ಕೆ ಅಂಟಿಸಿ ಸಾಲಾಗಿ ನಿಲ್ಲಿಸಿಕೊಂಡು, ಒಂದು ಬಣ್ಣವನ್ನು ಹನ್ನೆರಡಕ್ಕೂ ಹಚ್ಚಿದ ಮೇಲೆಯೇ ಮುಂದಿನ ಬಣ್ಣದ ಶೀಶೆ ತೆರೆಯಿರಿ. ಹನ್ನೆರಡನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗಿರುವುದರಿಂದ ಕಾಯುವ ಹೊತ್ತು ಇಲ್ಲವಾಗುತ್ತದೆ. ಕೆಲಸ ಒಳಗಿನಿಂದ ಹೊರಕ್ಕೆ ಸಾಗಲಿ: ಮೊದಲು ಚರ್ಮ, ಆಮೇಲೆ ಬಟ್ಟೆ, ಅದರ ಮೇಲೆ ಪಟ್ಟಿಗಳು, ಕೊನೆಗೆ ಬಂದೂಕು. ಹೀಗೆ ಮಾಡಿದರೆ ಒಂದು ಬಣ್ಣ ತಪ್ಪಿ ಪಕ್ಕಕ್ಕೆ ಹೋದರೂ ಮುಂದಿನ ಬಣ್ಣ ಅದನ್ನು ಮುಚ್ಚುತ್ತದೆ. ಕಣ್ಣು, ಗುಂಡಿ, ಹಿಂದಿನ ಸಾಲಿನವರ ಸೊಂಟದ ಕೆಳಗಿನ ಸೂಕ್ಷ್ಮ ಇವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಬಿಡಿ. ಆದರೆ ಬಾವುಟ ಹಿಡಿದವನಿಗೂ ಮುಂದೆ ನಿಂತ ನಾಯಕನಿಗೂ ಒಂದೊಂದು ಸಂಜೆಯನ್ನು ಪೂರ್ತಿ ಕೊಡಿ. ನೋಡುವ ಕಣ್ಣು ಮೊದಲು ಅವರ ಮೇಲೆ ನಿಲ್ಲುತ್ತದೆ, ಅಲ್ಲಿ ಕಂಡ ಸೊಗಸನ್ನು ಇಡೀ ಪಡೆಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ.

ಪ್ರಶ್ನೆ: ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆ ಅಂಗಿಗೆ ನಿಜವಾದ ಬಣ್ಣ ಯಾವುದು? ದರಿಯಾ ದೌಲತ್‌ನ ಗೋಡೆಚಿತ್ರ ನೋಡಿ ಬಣ್ಣ ಹೊಂದಿಸಿಕೊಳ್ಳಬಹುದೇ? ಅಷ್ಟು ಚಿಕ್ಕ ಗೊಂಬೆಯ ಮೇಲೆ ಆ ಗುರುತುಗಳನ್ನು ಬರೆಯುವುದು ಹೇಗೆ?
— ಮೈಸೂರಿನ ಓದುಗರು

ಉತ್ತರ: ಮೈಸೂರು ಯುದ್ಧಗಳಲ್ಲಿ ಎದುರು ಪಾಳಯದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟ ವರ್ಣನೆಯಂತೆ, ಟಿಪ್ಪುವಿನ ಕಾಯಂ ಕಾಲಾಳುಗಳದು ನೇರಳೆ ಬಣ್ಣದ ಅಂಗಿ; ಅದರ ಮೇಲೆ ವಜ್ರಾಕೃತಿಯ ಬಿಳಿ ಗುರುತುಗಳು; ತಲೆಗೆ ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೆ ಅದೇ ಬಣ್ಣದ ನಡುಕಟ್ಟು. ಆ ಗುರುತಿಗೆ ಬಬ್ರಿ ಎಂದು ಹೆಸರು. ಗುರುತು ಎರಡೂ ತುದಿಯಲ್ಲಿ ಚೂಪಾಗಿ ನಡುವೆ ಉಬ್ಬಿರುತ್ತದೆ. ಮಕ್ಕಳ ಪುಸ್ತಕದ ಹುಲಿಗಿರುವಂಥ ಉದ್ದುದ್ದ ಪಟ್ಟೆಯೆಂದು ಭಾವಿಸಿದರೆ ಇಡೀ ಪಡೆ ಹುಲಿವೇಷದವರ ಮೆರವಣಿಗೆಯಂತಾಗುತ್ತದೆ.

ದರಿಯಾ ದೌಲತ್‌ನ ಪಡುಗೋಡೆಯ ಪೊಳ್ಳಿಲೂರು ಕದನದ ಚಿತ್ರವನ್ನು ಅಗತ್ಯವಾಗಿ ನೋಡಿ, ಆದರೆ ಬಣ್ಣಕ್ಕಾಗಿ ಅಲ್ಲ. 1780ರ ಸೆಪ್ಟೆಂಬರ್ 10ರ ಆ ಕದನದ ಚಿತ್ರಕ್ಕೆ ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಹತ್ತೊಂಬತ್ತನೆಯ ಶತಮಾನದ ನಡುವೆ ಡಾಲ್‌ಹೌಸಿಯ ಕಾಲದಲ್ಲೊಮ್ಮೆ ಮರುಬಣ್ಣ ಬಿದ್ದಿದೆ. ಈಗ ಕಾಣುವ ಛಾಯೆ ಮೂಲದ್ದೇ ಎಂದು ನಂಬುವುದಕ್ಕಾಗುವುದಿಲ್ಲ. ಆ ಗೋಡೆಯಿಂದ ಕಲಿಯಬೇಕಾದದ್ದು ಜೋಡಣೆಯನ್ನು. ಚೌಕಾಕಾರವಾಗಿ ಮುದುಡಿ ನಿಂತ ಕೆಂಪಂಗಿಯವರು, ಅವರ ಮೇಲೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕುಳಿತ ಇಂಗ್ಲಿಷ್ ಪಡೆಯ ನಾಯಕ ಕರ್ನಲ್ ಬೈಲಿ, ಸುತ್ತಲೂ ಅಲೆಯಲೆಯಾಗಿ ನುಗ್ಗುವ ಕುದುರೆಗಳು. ನಿಮ್ಮ ಆಟದ ಮೇಜನ್ನು ಹೇಗೆ ತುಂಬಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ನೇರಳೆ ಎಂದಾಗ ಹಣ್ಣಾದ ನೇರಳೆಯ ಕಪ್ಪು ಮೆರುಗನ್ನು ನೆನೆಯಬೇಡಿ. ಹಣ್ಣು ತಿಂದ ಮೇಲೆ ಬಟ್ಟೆಗೆ ತಗಲಿ, ಎರಡು ಸಲ ಒಗೆದ ಮೇಲೂ ಉಳಿಯುವ ಕಲೆಯ ಬಣ್ಣ ಸರಿಯಾದೀತು. ಬಿಸಿಲಿನಲ್ಲಿ ನಡೆದ ಸೈನಿಕರ ಅಂಗಿಗಳು ಒಂದೇ ಸಮನಾಗಿ ಇರಲಾರವಾದ್ದರಿಂದ, ತಂಡದ ಮೂರು ನಾಲ್ಕು ಗೊಂಬೆಗಳಿಗೆ ಅದೇ ಬಣ್ಣಕ್ಕೆ ಒಂದು ಹನಿ ಬೂದು ಬೆರೆಸಿ ಹಚ್ಚಿ.

ಕ್ರಮ ಹೀಗಿರಲಿ. ಮೊದಲು ನೇರಳೆಯನ್ನು ಹಾಲಿನಷ್ಟು ತೆಳುವಾಗಿಸಿ ಎರಡು ಸಲ ಹಚ್ಚಿ. ಒಣಗಿದ ಮೇಲೆ ಗಾಢ ನೇರಳೆ ವಾಶ್ ಅನ್ನು, ಅಂದರೆ ನೆರಳಿಗೆಂದು ಬಳಸುವ ತೆಳು ಬಣ್ಣವನ್ನು, ನೀರುಮಜ್ಜಿಗೆಯಷ್ಟು ತೆಳುವಾಗಿ ಹರಿಯಬಿಟ್ಟರೆ ಅದು ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಉಬ್ಬಿದ ಕಡೆ ಮೊದಲ ಬಣ್ಣವನ್ನು ಮತ್ತೊಮ್ಮೆ ತೋರಿಸಿ, ಎದೆಯ ಮೇಲಿನ ಪಟ್ಟಿಗಳನ್ನು ಮುಗಿಸಿ. ಬಬ್ರಿಗಳು ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆಯೇ. ನನ್ನ ಮೊದಲ ತಂಡದಲ್ಲಿ ಉತ್ಸಾಹ ತಡೆಯಲಾರದೆ ಬಬ್ರಿಗಳನ್ನು ಬರೆದ ಮೇಲೆ ವಾಶ್ ಹಚ್ಚಿದೆ. ಇಪ್ಪತ್ತು ಸಿಪಾಯಿಗಳ ಬಿಳಿ ಗುರುತುಗಳೆಲ್ಲ ಕೆಸರು ಸಿಡಿದ ಹಾಗಾದವು.

ಗುರುತು ಬರೆಯಲು ತುದಿ ಚೂಪಾಗಿ ಕೂಡುವ 1ನೇ ನಂಬರಿನ ಕುಂಚವೇ ಸಾಕು. ತೀರ ಸಣ್ಣ ಕುಂಚ ತೆಗೆದುಕೊಂಡರೆ ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲದೆ ಗೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ಅಚ್ಚ ಬಿಳಿಯ ಬದಲು ಆನೆದಂತದ ಬಿಳಿಯನ್ನು ಕೆನೆಯಷ್ಟು ಗಟ್ಟಿಯಾಗಿಸಿಕೊಳ್ಳಿ. ಕುಂಚವನ್ನು ಹೆಬ್ಬೆರಳ ಉಗುರಿನ ಮೇಲೊಮ್ಮೆ ಎಳೆದು ಗೆರೆ ಸರಿಯಾಗಿ ಬರುತ್ತದೆಯೇ ನೋಡಿ. ಆಮೇಲೆ ತುದಿಯನ್ನು ಅಂಗಿಗೆ ತಾಗಿಸಿ, ತುಸು ಒತ್ತಿ, ಎಳೆಯುತ್ತಲೇ ಎತ್ತಿ. ತಾಗಿಸಿದ ಕಡೆ ಒಂದು ಚೂಪು, ಒತ್ತಿದಾಗ ಉಬ್ಬು, ಎತ್ತಿದ ಕಡೆ ಇನ್ನೊಂದು ಚೂಪು, ಹೀಗೆ ಒಂದೇ ಎಳೆತದಲ್ಲಿ ಬಬ್ರಿ ಮೂಡುತ್ತದೆ. ಗೋಡೆ ಕಟ್ಟುವವರು ಇಟ್ಟಿಗೆಯ ಸಂದನ್ನು ತಪ್ಪಿಸುವಂತೆ ಮೇಲಿನ ಸಾಲಿನ ಎರಡು ಗುರುತುಗಳ ನಡುವಿನ ಖಾಲಿಯ ಕೆಳಗೆ ಮುಂದಿನ ಸಾಲಿನ ಗುರುತು ಬರಲಿ. ಎದೆಯ ಒಂದೊಂದು ಬದಿಗೆ ಐದಾರು, ತೋಳಿಗೆ ನಾಲ್ಕು ಸಾಕು. ಲೆಕ್ಕಕ್ಕೆ ನಿಷ್ಠರಾಗಿ ಹೆಚ್ಚು ಬರೆದರೆ ದೂರದಿಂದ ಅಂಗಿ ಬಿಳಿಯಾಗಿಯೇ ಕಾಣುತ್ತದೆ. ಕೊನೆಯಲ್ಲಿ ಭುಜದ ಮೇಲಿನ ಎರಡು ಮೂರು ಗುರುತುಗಳಿಗೆ ಮಾತ್ರ ಅವುಗಳ ಒಳಗೆ, ನಟ್ಟನಡುವೆ, ಅಚ್ಚ ಬಿಳಿಯ ಒಂದೊಂದು ಚುಕ್ಕೆ ಇಡಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಚರ್ಮದ ಬಣ್ಣವೆಲ್ಲ ಗುಲಾಬಿ. ಅದಕ್ಕೆ ಕಂದು ಬೆರೆಸಿ ನಮ್ಮ ಸಿಪಾಯಿಗಳಿಗೆ ಹಚ್ಚಿದರೆ ಮುಖ ಬೂದಿ ಬಳಿದಂತೆ ಆಗುತ್ತದೆ. ಏಕೆ?
— ಧಾರವಾಡದ ಓದುಗರು

ಉತ್ತರ: ಆ ಗುಲಾಬಿಯಲ್ಲಿ ಬಿಳಿಯ ಪಾಲು ಬಹಳ ಇರುವುದರಿಂದ ಹೀಗಾಗುತ್ತದೆ, ಕಂದಿಗೆ ಬಿಳಿ ಸೇರಿದರೆ ಬಣ್ಣದ ಬಿಸುಪು ಹೋಗಿ ಸುಣ್ಣದ ಛಾಯೆ ಬರುತ್ತದೆ. ಗುಲಾಬಿಯ ಶೀಶೆಯನ್ನು ಇದಕ್ಕೆ ಮುಟ್ಟಲೇಬೇಡಿ. ಕೆಂಪು ಛಾಯೆಯಿರುವ ಗಾಢ ಕಂದನ್ನು ತಳಕ್ಕೆ ಹಚ್ಚಿ, ಕೆನ್ನೆ, ಮೂಗು, ಹುಬ್ಬು, ಬೆರಳ ಗೆಣ್ಣುಗಳ ಮೇಲೆ ಬೆಳಕು ತೋರಿಸಲು ಅದೇ ಕಂದಿಗೆ ಕಾವಿ ಹಳದಿಯನ್ನೋ ಕಿತ್ತಳೆಯನ್ನೋ ಬೆರೆಸಿ. ತುಟಿಗೆ ತುಸು ನೇರಳೆ ಬೆರೆತ ಕಂದು ಸಾಕು. ಹನ್ನೆರಡು ಜನರ ತಂಡದಲ್ಲಿ ಮೂರು ಬೇರೆ ಬೇರೆ ಮೈಬಣ್ಣ ಇರಲಿ. ನಮ್ಮೂರ ಬಸ್ಸಿನ ಒಂದು ಸಾಲಿನಲ್ಲಿ ಕುಳಿತವರನ್ನು ನೋಡಿದರೂ ಅಷ್ಟು ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಕಳೆದ ಆಷಾಢದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದ ಮೇಲೆ ಮುಗಿದ ಗೊಂಬೆಗಳೆಲ್ಲ ಮಂಜು ಮುಸುಕಿದಂತೆ ಬಿಳಿಚಿಕೊಂಡವು. ಉಳಿಸುವ ದಾರಿ ಇದೆಯೇ?
— ಮಂಗಳೂರಿನ ಓದುಗರು

ಉತ್ತರ: ಗಾಳಿಯ ತೇವ ವಾರ್ನಿಶ್‌ನೊಳಗೆ ಸಿಕ್ಕಿಬಿದ್ದಾಗ ಹೀಗೆ ಬಿಳಿಚುತ್ತದೆ. ಬಣ್ಣ ಹಾಳಾಗಿಲ್ಲ, ಮೇಲಿನ ಪೊರೆ ಮಾತ್ರ ಮಬ್ಬಾಗಿದೆ. ಒಂದು ಗೊಂಬೆಯ ಮೇಲೆ ಹೊಳಪಿನ ವಾರ್ನಿಶ್ ಅನ್ನು ಕುಂಚದಿಂದ ತೆಳುವಾಗಿ ಹಚ್ಚಿ ನೋಡಿ. ಅನೇಕ ಸಲ ಆ ಮಬ್ಬು ತಿಳಿಯಾಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಹೊಳಪು ಬೇಡವೆನಿಸಿದರೆ ಮ್ಯಾಟ್ ವಾರ್ನಿಶ್ ಅನ್ನೂ ಕುಂಚದಿಂದಲೇ ಹಚ್ಚಿ. ಬಿರುಬೇಸಗೆಯಲ್ಲಿ ತೊಂದರೆ ಬೇರೆ ಬಗೆಯದು: ಬಣ್ಣಕ್ಕೆ ಮೊದಲು ತಳಪದರವಾಗಿ ದೂರದಿಂದ ಹೊಡೆದ ಪ್ರೈಮರ್ ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಚಿರೋಟಿ ರವೆಯಂತೆ ತರಿತರಿಯಾಗಿ ಕೂರುತ್ತದೆ. ಕರಾವಳಿಯಲ್ಲಿ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು.

ಪ್ರಶ್ನೆ: ಚಾಲೆಂಜ್‌ಗಾಗಿ ಮೈಸೂರು ರಾಕೆಟ್ ಹಿಡಿದ ಸೈನಿಕರನ್ನು ಮಾಡುತ್ತಿದ್ದೇನೆ. ರಾಕೆಟ್ ಎಷ್ಟು ಉದ್ದ ಇರಬೇಕು, ಬಣ್ಣ ಯಾವುದು?
— ಶಿವಮೊಗ್ಗದ ಓದುಗರು

ಉತ್ತರ: ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರ ಹೂಳಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಆ ಕಬ್ಬಿಣದ ಕೊಳವೆಗಳು ಸುಮಾರು ಒಂದು ಗೇಣು ಉದ್ದ. 28 ಮಿ.ಮೀ. ಗೊಂಬೆಯನ್ನು ನಿಜ ಮನುಷ್ಯನ 56ನೇ ಒಂದು ಭಾಗವೆಂದು ಹಿಡಿದರೆ ಕೊಳವೆ ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚು ಬರುತ್ತದೆ. ಅದನ್ನು ಕಟ್ಟಿದ ಬಿದಿರು ಕೋಲು ಮಾತ್ರ ಸಾಕಷ್ಟು ಉದ್ದವಿರಲಿ. ತಂತಿಯ ತುಂಡಿಗೆ ಕೊಳವೆಯನ್ನು ಅಂಟಿಸಿ, ಕಂಠದ ಬಳಿ ಹೊಲಿಗೆ ದಾರದಿಂದ ಎರಡು ಸುತ್ತು ಕಟ್ಟಿದರೆ ಚರ್ಮದ ಕಟ್ಟಿನಂತೆಯೇ ಕಾಣುತ್ತದೆ. ಬಣ್ಣದ ವಿಷಯದಲ್ಲಿ ಒಂದು ಎಚ್ಚರ: ಬಾವಿಯಿಂದ ತೆಗೆದ ರಾಕೆಟ್ಟಿನ ತುಕ್ಕು ಇನ್ನೂರು ವರ್ಷಗಳದು. ನಿಮ್ಮ ಸೈನಿಕನ ಕೈಯಲ್ಲಿರುವುದು ಕಮ್ಮಾರಸಾಲೆಯಿಂದ ಹೊಸದಾಗಿ ಬಂದದ್ದು. ಅದಕ್ಕೆ ಕಪ್ಪು ಬೆರೆತ ಉಕ್ಕಿನ ಬಣ್ಣ, ಬಾಯಿಯ ಬಳಿ ತುಸು ಮಸಿ ಇಷ್ಟು ಸಾಕು.

ಪ್ರಶ್ನೆ: ನಾನು ವಾಟರ್‌ಲೂ ಕಾಲದ ರೆಜಿಮೆಂಟ್‌ಗಳಿಗೆ ಕಾಲರಿನ ಬಣ್ಣವನ್ನೂ ಪುಸ್ತಕ ನೋಡಿ ಹಚ್ಚುವವನು. ಹನ್ನೊಂದು ವರ್ಷದ ಮಗ ಅದೇ ಚಾಲೆಂಜ್‌ನಲ್ಲಿ ಓರ್ಕ್‌ಗಳೆಂಬ ಕಾಲ್ಪನಿಕ ರಾಕ್ಷಸರಿಗೆ ಮನಸ್ಸಿಗೆ ಬಂದ ಬಣ್ಣ ಬಳಿದು ಅಂಕದಲ್ಲಿ ನನ್ನನ್ನು ಹಿಂದೆ ಹಾಕಿದ್ದಾನೆ. ಅವನನ್ನು ಇತಿಹಾಸದ ಕಡೆಗೆ ತರುವುದು ಹೇಗೆ?
— ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಓದುಗರು

ಉತ್ತರ: ತರುವ ಅಗತ್ಯವೇನಿದೆ? ನೀವಿರುವ ಊರಿನಲ್ಲಿ ಇತಿಹಾಸ, ಕಲ್ಪನೆ ಎಂಬ ಈ ಎರಡು ಕವಲುಗಳ ನಡುವಿನ ಗೋಡೆ ಬಹಳ ತೆಳು. ಓರ್ಕ್‌ಗಳಿರುವ ಕಲ್ಪನಾಲೋಕದ ವಾರ್‌ಹ್ಯಾಮರ್ ಆಟವನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ ಮುಖ್ಯ ಕಚೇರಿ ಇರುವುದೂ ಅಲ್ಲೇ. ಅದಕ್ಕಾಗಿ ವರ್ಷಗಟ್ಟಲೆ ಗೊಂಬೆ ಕಡೆದ ಅವಳಿ ಸೋದರರಾದ ಮೈಕಲ್ ಮತ್ತು ಅಲನ್ ಪೆರಿ, ನಿಮ್ಮಂಥವರು ಇಷ್ಟಪಡುವ ಐತಿಹಾಸಿಕ ಗೊಂಬೆಗಳ ಸಂಸ್ಥೆಯನ್ನು ನಡೆಸುತ್ತಿರುವುದೂ ಅಲ್ಲೇ. ಓರ್ಕ್‌ನ ಕೊರಳು ಯಾವ ಬಣ್ಣದ್ದೆಂದು ಹೇಳುವ ಪುಸ್ತಕ ಇಲ್ಲದಿರುವುದರಿಂದ ಹುಡುಗ ಬೆಳಕು ನೆರಳುಗಳನ್ನು ತನ್ನ ಕಣ್ಣಿನಿಂದಲೇ ನಿರ್ಧರಿಸಬೇಕಾಗುತ್ತದೆ. ನೀವು ಪುಟ ತಿರುವುವ ಹೊತ್ತಿನಲ್ಲಿ ಅವನು ಕುಂಚ ಆಡಿಸುತ್ತಿರುತ್ತಾನೆ. ಹಸಿರು ಮೈಗೆ ಹಸಿರು ವಾಶ್ ಹಚ್ಚುತ್ತಿದ್ದರೆ, ಅದರ ಬದಲು ಕೆಂಗಂದು ವಾಶ್ ಅನ್ನು ಕೀಲುಗಳಿಗೂ ತುಟಿಗೂ ಹಚ್ಚಿ ನೋಡು ಎಂದು ಹೇಳಿ. ಎದುರು ಬಣ್ಣ ತಾಗಿದ ಕೂಡಲೇ ಆ ಮೈಗೆ ರಕ್ತ ಬಂದಂತಾಗುತ್ತದೆ. ನಿಮ್ಮ ಕೆಂಪಂಗಿಗಳ ನೆರಳಿಗೂ ಕಪ್ಪಿನ ಬದಲು ಗಾಢ ಹಸಿರಿನ ಒಂದು ಹನಿ ಬೆರೆಸಿ ನೋಡಿ. ಅದನ್ನು ಅವನೇ ನಿಮಗೆ ಹೇಳಿಕೊಟ್ಟರೂ ಆಗಬಹುದು.

ಪ್ರಶ್ನೆ: ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆಯಂತೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಭಯಪಡಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಹಳೆಯ ಗೊಂಬೆಗಳಲ್ಲಿ ಸೀಸ ಇರುವುದು ನಿಜ, ಈಗಿನವು ಹೆಚ್ಚಾಗಿ ತವರ ಪ್ರಧಾನವಾದ ಮಿಶ್ರಲೋಹ, ಪ್ಲಾಸ್ಟಿಕ್ ಅಥವಾ ರೆಸಿನ್. ಪ್ರೈಮರ್, ಬಣ್ಣ, ವಾರ್ನಿಶ್ ಹಚ್ಚಿ ಮುಗಿದ ಗೊಂಬೆಯನ್ನು ದೊಡ್ಡವರು ಮುಟ್ಟುವುದರಿಂದ ಅಪಾಯವಿಲ್ಲ. ಎಚ್ಚರ ಬೇಕಾದದ್ದು ಅರ ಉಜ್ಜುವಾಗ ಏಳುವ ಪುಡಿಗೆ. ಲೋಹವನ್ನು ಒದ್ದೆ ಮಾಡಿಕೊಂಡು ಉಜ್ಜಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಆ ಕೆಲಸವನ್ನು ಊಟದ ಮೇಜಿನ ಮೇಲೆ ಮಾಡಬೇಡಿ. ಪುಟ್ಟ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವುದರಿಂದ ಬಣ್ಣ ಹಚ್ಚಿದ್ದಾದರೂ ಹಳೆಯ ಗೊಂಬೆ ಅವರಿಗೆ ಎಟುಕದ ಕಪಾಟಿನಲ್ಲಿರಲಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವನ್ನೂ ಬಿಟ್ಟುಬಿಡಿ. ಇಪ್ಪತ್ತು ವರ್ಷ ಹಾಗೆ ಮಾಡಿದ ನಾನು ಈಗ ಎಡಗೈ ಬೆರಳಿಗೆ ಒಂದು ಒದ್ದೆ ಬಟ್ಟೆ ಸುತ್ತಿಕೊಂಡು ಅದರ ಮೇಲೆಯೇ ಕುಂಚವನ್ನು ಹೊರಳಿಸುತ್ತೇನೆ.