ಕಾರ್ತವೀರ್ಯನ ಹೆಸರು ಬಾರದೆ ಹೋದ ರಾತ್ರಿ

ಅವರನ್ನು ಇಲ್ಲಿ ಹೆಗಡೆಯವರು ಎಂದು ಕರೆಯುತ್ತೇನೆ. ಶಿರಸಿ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ಹೆಗಡೆಯವರಿಗೆ ತಾಗುತ್ತದೆ, ಹಾಗಾಗಿ ಗುರುತು ಸಿಕ್ಕುವ ಭಯವಿಲ್ಲ. ವಯಸ್ಸು, ಮನೆಮಂದಿ, ಊರು ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದರು, ಒಂದು ಷರತ್ತು ಹಾಕಿ: "ನನ್ನ ಬಗ್ಗೆ ಅಯ್ಯೋ ಪಾಪ ಅನ್ನೋ ಹಾಗೆ ಮಾತ್ರ ಬರೀಬೇಡ ತಂಗೀ."

ವಯಸ್ಸು 69. ಓದಿದ್ದು ಎಸ್ಸೆಸ್ಸೆಲ್ಸಿ, ಬದುಕು ಅಡಿಕೆ ತೋಟದ್ದು, ಜೀವ ಮಾತ್ರ ತಾಳಮದ್ದಲೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದ ಕೂಟದಲ್ಲಿ. ನಲವತ್ತು ವರ್ಷದಿಂದ ಅರ್ಥ ಹೇಳುತ್ತಿರುವವರು, ಎಂದರೆ ಪಾತ್ರವಾಗಿ ಕೂತು ಆಶುವಾಗಿ ಮಾತಾಡುವವರು. ಆಪ್ತಸಲಹೆಗಾರಳಾದ ನನಗೆ ಮೊದಲು ಫೋನು ಮಾಡಿದ್ದು ಬೆಂಗಳೂರಿನಲ್ಲಿರುವ ಮಗ. "ಅಪ್ಪ ಐದು ತಿಂಗಳಿಂದ ಯಾವ ಕೂಟಕ್ಕೂ ಹೋಗ್ತಿಲ್ಲ, ಮಾತೂ ಕಡಿಮೆ. ನಾನು ಕಳಿಸಿದ ಮೆಮೊರಿ ಟೆಸ್ಟ್‌ನಲ್ಲಿ ಅರ್ಧ ಮಾರ್ಕ್ಸೂ ಬಂದಿಲ್ಲ. ಅಲ್ಝೈಮರ್ಸ್ ಶುರುವಾಗಿದೆ ಅನ್ಸತ್ತೆ." ಅಪ್ಪನೇ ಒಪ್ಪಿ ಬರುವುದಾದರೆ ಬರಲಿ, ಅವರು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ನಿಮಗೆ ಹೇಳುವವಳಲ್ಲ ಎಂದೆ. ಆ ಕಡೆ ಒಂದು ಕ್ಷಣ ಸದ್ದಿರಲಿಲ್ಲ. ಮಕ್ಕಳಿಗೆ ಈ ಮಾತು ಸ್ವಲ್ಪ ಕಹಿಯೇ.

ಹೆಗಡೆಯವರು ಹೆಂಡತಿಯ ಜೊತೆ ಬಂದರು. ನಡೆದದ್ದಿಷ್ಟು. ಒಂದು ರಾತ್ರಿಯ ಕೂಟದಲ್ಲಿ ಅವರದ್ದು ಕೌರವನ ಸಭೆಗೆ ಸಂಧಾನಕ್ಕೆ ಬಂದ ಕೃಷ್ಣನ ಪಾತ್ರ. ಸೊಕ್ಕಿದ ಅರಸರು ಹೇಗೆ ಹಾಳಾದರು ಎಂದು ಉದಾಹರಣೆ ಕೊಡಲು ಹೊರಟವರಿಗೆ ಕಾರ್ತವೀರ್ಯನ ಹೆಸರು ಬರಲಿಲ್ಲ. ತಡೆದರು, ತಡವರಿಸಿದರು. ಎದುರು ಕೌರವನ ಅರ್ಥ ಹೇಳುತ್ತಿದ್ದ ಹುಡುಗ ನಗುತ್ತಾ ಹೆಸರನ್ನು ಎತ್ತಿಕೊಟ್ಟ. ಸಭೆಯೂ ನಕ್ಕಿತು. ಹಿಂದಿನಿಂದ ಯಾರೋ "ಹೆಗಡೇರಿಗೆ ವಯಸ್ಸಾಯ್ತು" ಅಂದರಂತೆ. ಆಮೇಲೆ ಬಂದ ಕರೆಗಳಿಗೆಲ್ಲ ಅವರು ಸೊಂಟನೋವಿನ ನೆಪ ಹೇಳಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಹತ್ತೇ ನಿಮಿಷ ಕೇಳಿ, "ಇದು ಈ ವಯಸ್ಸಿಗೆ ಸಹಜ" ಎಂದುಬಿಟ್ಟೆ. ಅವರು ತಲೆಯಾಡಿಸಿ ಸುಮ್ಮನಾದರು. ಎರಡು ದಿನ ಬಿಟ್ಟು ಅವರ ಹೆಂಡತಿ ಫೋನು ಮಾಡಿದರು: "ಸಹಜ ಅಂದ್ರೆ ಇನ್ನು ಹೀಗೇ ಅಂತ ಅರ್ಥ ಅಲ್ದಾ ಅಂತ ಕೇಳ್ತಾ ಕೂತಿದಾರೆ." ಧೈರ್ಯ ತುಂಬಲು ಆಡಿದ ಮಾತು ಅವರಿಗೆ ತೀರ್ಪಿನ ಹಾಗೆ ಕೇಳಿಸಿತ್ತು.

ಎರಡನೇ ಸಲ ಬಂದಾಗ ಬೇರೆ ಪ್ರಶ್ನೆ ಕೇಳಿದೆ. "ಆ ಹೊತ್ತಿನಲ್ಲಿ ಕಾರ್ತವೀರ್ಯನ ವಿಷಯ ಏನೇನು ನೆನಪಿತ್ತು?" ಅವರು ನೆಟ್ಟಗೆ ಕೂತರು. ಹೈಹಯರ ದೊರೆ, ಮಾಹಿಷ್ಮತಿಯಲ್ಲಿ ಆಳಿದವ, ದತ್ತಾತ್ರೇಯನ ವರದಿಂದ ಸಾವಿರ ತೋಳು ಪಡೆದವ, ನರ್ಮದೆಯನ್ನು ತೋಳಲ್ಲೇ ತಡೆದವ, ರಾವಣನನ್ನು ಕಟ್ಟಿಹಾಕಿದವ, ಜಮದಗ್ನಿಯ ಹಸುವಿಗೆ ಆಸೆಪಟ್ಟು ಪರಶುರಾಮನ ಕೊಡಲಿಗೆ ಬಿದ್ದವ. ಐದು ನಿಮಿಷ ಓಘದಲ್ಲಿ ಹರಿಯಿತು. "ಅರ್ಜುನ ಅನ್ನೋದು ಬಂದಿತ್ತು ತಂಗೀ, ಅವನ ಹೆಸರಲ್ಲಿ ಅದೂ ಉಂಟಲ್ಲ. ಆದರೆ ಕೌರವನ ಸಭೆಯಲ್ಲಿ ನಿಂತು ಅರ್ಜುನ ಅಂದ್ರೆ ಪಾಂಡವರವನೇ ಆಗ್ತಾನೆ. ಅದನ್ನ ದೂಡಿದಷ್ಟೂ ಅದೇ ಎದುರು ಬಂತು."

ನಾಲಿಗೆ ತುದಿಯ ಮರೆವಿಗೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಪುಸ್ತಕದಲ್ಲೂ ಸಿಕ್ಕಿಲ್ಲ. ಹೀಗೆ ಅಡ್ಡ ನಿಂತು ದಾರಿ ಕಟ್ಟುವ ತಪ್ಪು ಹೆಸರಿಗೆ ಸಂಶೋಧಕರು ಸಿಂಡ್ರೆಲಾ ಕಥೆಯ ಕುರೂಪಿ ಅಕ್ಕಂದಿರ ಹೆಸರಿಟ್ಟಿದ್ದಾರೆ. ಇದು ಹರೆಯದವರಿಗೂ ಆಗುತ್ತದೆ. ವಯಸ್ಸಾದಂತೆ ಹೆಚ್ಚುತ್ತದೆ, ಅದರಲ್ಲೂ ಹೆಸರುಗಳ ವಿಷಯದಲ್ಲಿ. ಕಾರಣ ಹುಡುಕಿದವರಲ್ಲಿ ಮುಖ್ಯರಾದವರು ಡೆಬೊರಾ ಬರ್ಕ್ ಮತ್ತು ಅವರ ಜೊತೆಗಾರರು. ಅವರ ಪ್ರಬಂಧ ಬಂದದ್ದು 1991ರಲ್ಲಿ. ಅವರು ಹೇಳುವುದೇನೆಂದರೆ, ಒಂದು ಪದದ ಅರ್ಥವೂ ಅದರ ಉಲಿಯೂ ಮಿದುಳಿನಲ್ಲಿ ಬೇರೆ ಬೇರೆ ಇರುತ್ತವೆ. ಸವೆಯುವುದು ನಡುವಿನ ಕೊಂಡಿ. 'ಕೊಡಲಿ' ಎಂಬ ಮಾತಿಗೆ ಕಡಿಯುವುದು, ಮರ, ಕಬ್ಬಿಣ ಎಂದು ಹತ್ತು ಕಡೆಯಿಂದ ಎಳೆ ಬಂದಿರುತ್ತದೆ. ಹೆಸರಿಗೆ ಇರುವುದು ಒಂದೇ ಎಳೆ. ಬಹಳ ದಿನ ಬಳಸದಿದ್ದರೆ ಅದು ಇನ್ನೂ ತೆಳುವಾಗುತ್ತದೆ. ಅಂದರೆ ಹೆಗಡೆಯವರ ಅಟ್ಟದಲ್ಲಿ ಅಡಿಕೆ ಎಲ್ಲ ಹಾಗೇ ಇದೆ, ಏಣಿಯ ಒಂದು ಮೆಟ್ಟಿಲು ಅಲ್ಲಾಡುತ್ತಿದೆ. ಇದನ್ನು ಹೇಳಿದಾಗ ಅವರು ಬಂದಂದಿನಿಂದ ಮೊದಲ ಸಲ ನಕ್ಕರು.

ಆದರೂ ಒಂದು ಘಟನೆ ಕೇಳಿ ನಿರ್ಧಾರ ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಹೆಂಡತಿಯನ್ನು ಬೇರೆಯಾಗಿ ಕೇಳಿದೆ, ಹೆಗಡೆಯವರ ಒಪ್ಪಿಗೆಯಿಂದಲೇ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ? ತೋಟದಿಂದ ಬರುವ ದಾರಿ ತಪ್ಪಿದ್ದುಂಟೇ? ಸೊಸೈಟಿಯ ಲೆಕ್ಕ, ಅಡಿಕೆಯ ತೂಕ, ಕೂಲಿಯ ಬಟವಾಡೆ ಎಡವಿದ್ದುಂಟೇ? ಒಲೆ ಮೇಲೆ ಹಾಲಿಟ್ಟು ಮರೆತದ್ದಲ್ಲ, ಹಾಲಿಟ್ಟದ್ದು ತಾನೇ ಎಂಬುದನ್ನೇ ಮರೆತದ್ದುಂಟೇ? ಎಲ್ಲಕ್ಕೂ ಇಲ್ಲ ಎಂದರು. "ಲೆಕ್ಕದಲ್ಲಿ ನನ್ನನ್ನೇ ಹಿಡೀತಾರೆ" ಎಂದೂ ಸೇರಿಸಿದರು. "ಟಿವಿ ಮಾತ್ರ ಆಚೆ ಮನೆಗೆ ಕೇಳೋ ಹಾಗೆ ಇಡ್ತಾರೆ." ಈ ಕೊನೆಯ ಮಾತನ್ನು ನಾನು ಗುರುತು ಹಾಕಿಕೊಂಡೆ.

ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರ ಬಳಿಗೆ ಕಳಿಸಿದೆ. ಥೈರಾಯ್ಡ್, ಬಿ12, ಸಕ್ಕರೆ, ಕಿವಿ, ಜೊತೆಗೆ ಕನ್ನಡದಲ್ಲೇ ಕೂರಿಸಿ ಮಾಡುವ ನೆನಪಿನ ಪರೀಕ್ಷೆ. ನೆನಪಿನ ಅಂಕ ಅವರ ವಯಸ್ಸು ಮತ್ತು ಓದಿಗೆ ಸರಿಯಾಗಿಯೇ ಇತ್ತು. ಬಿ12 ಕಡಿಮೆಯಿತ್ತು, ಇಂಜೆಕ್ಷನ್ ಶುರುವಾಯಿತು. ಎರಡೂ ಕಿವಿಯಲ್ಲಿ ಮೇಲು ಸ್ವರಗಳು ಕೇಳುವುದು ಕುಂದಿತ್ತು. ಇನ್ನೊಂದು ವಿಷಯವೂ ಹೊರಬಿತ್ತು: ನಿದ್ದೆ ಬರಲೆಂದು ಮೆಡಿಕಲ್ ಅಂಗಡಿಯಿಂದ ತಂದ ಶೀತದ ಮಾತ್ರೆಯನ್ನು ದಿನವೂ ರಾತ್ರಿ ನುಂಗುತ್ತಿದ್ದರು. ತೂಕಡಿಕೆ ತರುವ ಹಳೆಯ ಬಗೆಯ ಶೀತದ ಮಾತ್ರೆಗಳು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬರುತ್ತವೆ. ವಯಸ್ಸಾದವರಲ್ಲಿ ಮಂಕು ಕವಿಸುತ್ತವೆ. ವೈದ್ಯರು ಅದನ್ನು ನಿಲ್ಲಿಸಿದರು. ನೆನಪಿಗೆ ಒಳ್ಳೆಯದೆಂದು ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಒಂದೆಲಗದ ತಂಬುಳಿ ಬಡಿಸುತ್ತಿದ್ದ ಹೆಂಡತಿಗೆ ಈ ಮಾತ್ರೆಯ ಸುದ್ದಿಯೇ ಗೊತ್ತಿರಲಿಲ್ಲ. ತಂಬುಳಿ ನಿಲ್ಲಿಸಬೇಕಾ ಎಂದು ಕೇಳಿದರು. ಊಟಕ್ಕೆ ರುಚಿ ಅಂತ ಬಡಿಸಿ, ಔಷಧ ಅಂತ ಬೇಡ ಎಂದೆ.

ಕಿವಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಮರೆವಿನ ಜೊತೆ ಜೋಡಿಸಿ ನೋಡುವವರು ಕಡಿಮೆ. ಭಾಗವತರು ಹಾಡಿದ ಪದ್ಯವನ್ನು ಹಿಡಿದೇ ಅರ್ಥಧಾರಿ ಮಾತು ಬೆಳೆಸಬೇಕು. ಪದ್ಯದ ಕೊನೆಯ ಅಕ್ಷರಗಳು, ಎದುರಿನವನ ಚುರುಕು ಮಾತು, ಎರಡೂ ಹೆಗಡೆಯವರಿಗೆ ಅರ್ಧಂಬರ್ಧ ಕೇಳುತ್ತಿದ್ದವು. ಕೇಳದ್ದನ್ನು ಊಹಿಸುವುದಕ್ಕೇ ಗಮನವೆಲ್ಲ ಖರ್ಚಾದರೆ ಹೆಸರು ಹುಡುಕಲು ಏನುಳಿಯಬೇಕು? ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಅಂಶಗಳನ್ನು ಹೆಸರಿಸಿದೆ. ಅದರಲ್ಲಿ ಕಿವುಡೂ ಒಂದು. ಶ್ರವಣ ಸಾಧನದಿಂದ ಎಲ್ಲರ ನೆನಪೂ ಉಳಿಯುತ್ತದೆ ಎಂದಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಲೆಕ್ಕಕ್ಕೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಮಾತ್ರ ಕುಸಿತದ ವೇಗ 48 ಶೇಕಡಾ ತಗ್ಗಿತ್ತು. ಹೆಗಡೆಯವರಿಗೆ ನಾನು ಹೇಳಿದ್ದು ಇಷ್ಟೇ: ನೆನಪಿನ ಮಾತು ಹಾಗಿರಲಿ, ಪದ್ಯ ಕೇಳಬೇಕಾದರೆ ಹಾಕಿಕೊಳ್ಳಿ.

ಮಗನ ಜೊತೆ ಮಾತಾಡಲು ಹೆಗಡೆಯವರು ಈಗ ಒಪ್ಪಿದರು. ವಿಡಿಯೋ ಕರೆಯಲ್ಲಿ ಮಗ ಒಂದು ಗ್ರಾಫು ತೋರಿಸಿದ: ಮೂವತ್ತಕ್ಕೇ ಮಿದುಳು ಇಳಿಮುಖ ಅಂತ. ಹೌದು, ವೇಗದ ಮಟ್ಟಿಗೆ ಇಳಿತ ಬೇಗ ಶುರುವಾಗುತ್ತದೆ. ಮನೋವಿಜ್ಞಾನಿ ಟಿಮೊಥಿ ಸಾಲ್ಟ್‌ಹೌಸ್ 1996ರಲ್ಲಿ ವಾದಿಸಿದ್ದೂ ಅದನ್ನೇ: ವಯಸ್ಸಿನ ಜೊತೆ ಕಾಣುವ ಹಲವು ಕುಂದುಗಳ ಹಿಂದೆ ಇರುವುದು ನಿಧಾನವಾಗುವ ಮಿದುಳಿನ ನಡಿಗೆ. ಆದರೆ ಎಲ್ಲವೂ ಒಂದೇ ಸಲ ಇಳಿಯುವುದಿಲ್ಲ. ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ 1960ರ ದಶಕದಲ್ಲೇ ಬುದ್ಧಿಯನ್ನು ಎರಡಾಗಿ ನೋಡಿದರು. ಹೊಸ ಒಗಟನ್ನು ಥಟ್ಟನೆ ಬಿಡಿಸುವ ಹರಿಯುವ ಬುದ್ಧಿ ಒಂದು. ಪದಸಂಪತ್ತು, ಲೋಕಜ್ಞಾನ, ಅನುಭವ ಸೇರಿ ಹರಳುಗಟ್ಟಿದ ಬುದ್ಧಿ ಇನ್ನೊಂದು. ಮೊದಲನೆಯದು ಬೇಗ ಇಳಿಯುತ್ತದೆ, ಎರಡನೆಯದು ಅರವತ್ತು ದಾಟಿದ ಮೇಲೂ ಬಹಳ ಕಾಲ ನಿಲ್ಲುತ್ತದೆ. ಮಗ ಕಳಿಸಿದ್ದ ಟೆಸ್ಟು ಇಂಗ್ಲಿಷಿನದು, ಮೊಬೈಲ್ ಪರದೆಯದು, ಮೇಲೆ ಗಡಿಯಾರ ಬೇರೆ. ಅದು ಅಳೆದದ್ದು ಅಪ್ಪನ ನೆನಪನ್ನಲ್ಲ.

ಗ್ರಾಫಿನ ಬಗ್ಗೆ ಇನ್ನೊಂದು ತಕರಾರು ನನ್ನದು. ಇಂದಿನ ಮೂವತ್ತರವರನ್ನೂ ಇಂದಿನ ಎಪ್ಪತ್ತರವರನ್ನೂ ಪಕ್ಕಪಕ್ಕ ಕೂರಿಸಿ ಅಳೆದರೆ ಸಿಗುವುದು ಬರೀ ವಯಸ್ಸಿನ ವ್ಯತ್ಯಾಸವಲ್ಲ, ಕಾಲದ ವ್ಯತ್ಯಾಸ ಕೂಡ. ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಶುರುಮಾಡಿದ ಅಧ್ಯಯನ ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತಾ ಹೋಯಿತು. ಹಾಗೆ ನೋಡಿದಾಗ ಬಹಳಷ್ಟು ಸಾಮರ್ಥ್ಯಗಳಲ್ಲಿ ಎದ್ದು ಕಾಣುವ ಇಳಿತ ಅರವತ್ತರ ಆಸುಪಾಸಿಗೆ ಸರಿಯಿತು. "ನಿಮ್ಮಪ್ಪ ಚಿಮಣಿ ದೀಪದಲ್ಲಿ ಓದಿದವರು, ನೀವು ಕಂಪ್ಯೂಟರ್ ಎದುರು ಬೆಳೆದವರು. ಒಂದೇ ತಕ್ಕಡಿ ಆಗುತ್ತದಾ?" ಎಂದೆ. ನಮ್ಮಲ್ಲೂ ಇಂಥ ಕೆಲಸ ನಡೆದಿದೆ: ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ದೀರ್ಘಕಾಲ ಹಿಂಬಾಲಿಸಿ ನೋಡುತ್ತಿದೆ. ಶಾಲೆಗೆ ಹೋಗದವರೂ ಇರುವ ನಾಡಿನಲ್ಲಿ ಅಮೆರಿಕದ ಅಳತೆಗೋಲು ಸಾಲದು.

ಮಗ ಬಿಡಲಿಲ್ಲ. ಹಾಗಾದರೆ ಡಿಮೆನ್ಷಿಯಾ ಬರುವುದೇ ಇಲ್ಲವಾ ಎಂದ. ಹಾಗೆ ಯಾರೂ ಬರೆದುಕೊಡಲಾರರು. ದೇಶಾದ್ಯಂತ ನಡೆದ ಸಮೀಕ್ಷೆಯಿಂದ 2023ರಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಜನರಿಗೆ ಅದಿದೆ. ಸಣ್ಣ ಸಂಖ್ಯೆಯಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಅದೇ ತಜ್ಞರ ಬಳಿ, ಅದೇ ಪರೀಕ್ಷೆ. ನಡುವೆ ಮೊಬೈಲ್ ಟೆಸ್ಟು ಬೇಡ. ಹೆಂಡತಿಗೂ ಒಂದು ಮಾತು ಹೇಳಬೇಕಾಯಿತು. ಅವರು ದಿನಾ ಬೆಳಿಗ್ಗೆ ಕಾಫಿ ಕೊಡುವಾಗ "ಇವತ್ತು ಎಂತ ವಾರ, ಹೇಳಿ" ಎಂದು ಪರೀಕ್ಷಿಸುತ್ತಿದ್ದರು. ಥಾಮಸ್ ಹೆಸ್ ಮತ್ತು ಜೊತೆಗಾರರು 2003ರಲ್ಲಿ ತೋರಿಸಿದ್ದುಂಟು: ವಯಸ್ಸಾದವರ ನೆನಪು ಕೆಡುತ್ತದೆ ಎಂಬ ಸುದ್ದಿ ಓದಿಸಿ ಆಮೇಲೆ ಪರೀಕ್ಷೆ ಕೊಟ್ಟರೆ, ಹಿರಿಯರು ನೆನಪಿಟ್ಟುಕೊಳ್ಳುವ ಪದಗಳೇ ಕಡಿಮೆಯಾಗುತ್ತವೆ. ದಿನ ಬೆಳಗಾದರೆ ಗಂಡನಿಗೆ ಅವರು ಓದಿಸುತ್ತಿದ್ದದ್ದು ಅಂಥದೇ ಸುದ್ದಿ.

ಇನ್ನು ಕೂಟದ ಮಾತು. ನನಗೆ ಮುಖ್ಯವೆನಿಸಿದ್ದು ಇದೇ, ಯಾಕೆಂದರೆ ಐದು ತಿಂಗಳ ಮೌನ ಅವರಿಗೆ ಮಾಡಿದಷ್ಟು ಹಾನಿಯನ್ನು ಆ ಒಂದು ಹೆಸರು ಮಾಡಿರಲಿಲ್ಲ. ಪೌಲ್ ಬಾಲ್ಟೆಸ್ ಎಂಬ ಜರ್ಮನ್ ಮನೋವಿಜ್ಞಾನಿ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. ಎಂಬತ್ತರ ಪ್ರಾಯದಲ್ಲೂ ಹೇಗೆ ನುಡಿಸುತ್ತೀರಿ ಎಂದು ಕೇಳಿದ್ದಕ್ಕೆ ಆತ ಹೇಳಿದ್ದು: ಕಡಿಮೆ ಕೃತಿ ಆರಿಸಿಕೊಳ್ಳುತ್ತೇನೆ, ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮುಂಚೆ ಬೇಕೆಂದೇ ನಿಧಾನ ನುಡಿಸುತ್ತೇನೆ, ಆಗ ಮುಂದಿನದು ವೇಗವಾಗಿ ಕೇಳಿಸುತ್ತದೆ. ಹೆಗಡೆಯವರಿಗೆ ಇದು ಬಹಳ ಹಿಡಿಸಿತು. "ಗಟ್ಟಿ ಆಸಾಮಿ. ಅದು ಮೋಸ ಅಲ್ಲ ತಂಗೀ, ಅದು ಕಸುಬು."

ಆಮೇಲೆ ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದೇ ಹೆಚ್ಚು. ಹುಡುಗರ ಜೊತೆ ಚಕಮಕಿ ಮಾತಿನ ಪಾತ್ರಗಳನ್ನು ಬಿಡುವುದು. ಭೀಷ್ಮ, ವಿದುರ, ಜಾಂಬವಂತ ಸಾಕು. "ಎಲ್ಲಾ ಮುದುಕರೇ ಆಯ್ತಲ್ಲ" ಎಂದು ತಾವೇ ನಕ್ಕರು. ಕೂಟದ ಹಿಂದಿನ ಸಂಜೆ ಬರಬಹುದಾದ ಹೆಸರುಗಳನ್ನೆಲ್ಲ ಗಟ್ಟಿಯಾಗಿ ನಾಲ್ಕು ಸಲ ಹೇಳಿಕೊಳ್ಳುವುದು. ಈಚೆಗೆ ಬಾಯಲ್ಲಿ ಆಡಿದ ಹೆಸರಿನ ಕೊಂಡಿ ಬಿಗಿಯಾಗಿರುತ್ತದೆ ಎಂಬುದು ಬರ್ಕ್ ಅವರ ವಾದದಲ್ಲೇ ಇದೆ. ಭಾಗವತರ ಮಗ್ಗುಲಲ್ಲೇ ಕೂರುವುದು. ಪದ್ಯ ಮುಗಿದ ಮೇಲೆ ಎರಡು ಉಸಿರು ಬಿಟ್ಟು ಮಾತು ಶುರುಮಾಡುವುದು. ನಾನು ಸೇರಿಸಿದ್ದು ಒಂದೇ: ಹೆಸರು ಬಾರದಿದ್ದರೆ ಅದರ ಬೆನ್ನು ಹತ್ತಬೇಡಿ, ಬಣ್ಣಿಸಿ. ಸಾವಿರ ತೋಳಿನವ, ರಾವಣನನ್ನೇ ಕಟ್ಟಿದವ ಎಂದು ಭೀಷ್ಮನ ಬಾಯಲ್ಲಿ ಬಂದರೆ ಯಾವ ಸಭೆ ಅದನ್ನು ಮರೆವು ಅಂದೀತು?

ನೆನಪಿನ ಆ್ಯಪ್‌ಗೆ ಮಗ ಕಟ್ಟಿದ್ದ ಚಂದಾ ನಿಲ್ಲಿಸಲು ಹೇಳಿದೆ. ಅಮೆರಿಕದಲ್ಲಿ 2,832 ಹಿರಿಯರ ಮೇಲೆ ನಡೆದ ತರಬೇತಿ ಪ್ರಯೋಗದಲ್ಲಿ, ಯಾವುದನ್ನು ಕಲಿಸಿದರೋ ಅದು ಸುಧಾರಿಸಿತು. ಕಲಿಸದ ಬೇರೆ ಸಾಮರ್ಥ್ಯಕ್ಕೆ ಅದರ ಫಲ ಅಷ್ಟಾಗಿ ಹರಡಲಿಲ್ಲ. ಆಟ ಆಡಿದರೆ ಆಟ ಬರುತ್ತದೆ. ಅದರ ಬದಲು ವಾರಕ್ಕೊಮ್ಮೆ ಮೊಮ್ಮಗಳಿಗೆ ಫೋನಿನಲ್ಲಿ ಒಂದು ಕಥೆ ಹೇಳಿ ಎಂದೆ.

ನಾಲ್ಕು ತಿಂಗಳಾಗಿದೆ. ಎಲ್ಲವೂ ನೇರ ಸಾಗಿಲ್ಲ. ಶ್ರವಣ ಸಾಧನ ಹಾಕಿದ ಮೊದಲ ದಿನ ಮದ್ದಲೆಯ ಪೆಟ್ಟು ತಲೆಯೊಳಗೇ ಬಿದ್ದಂತಾಗಿ ತೆಗೆದಿಟ್ಟರು. ಎರಡು ಸಲ ಹೋಗಿ ಸರಿಮಾಡಿಸಿಕೊಂಡು ಬಂದ ಮೇಲೂ ಮನೆಯಲ್ಲಿ ಹಾಕುತ್ತಾರೆ, ಕೂಟದಲ್ಲಿ ಒಂದೇ ಕಿವಿಗೆ. ಮಾತ್ರೆ ಬಿಟ್ಟ ಮೊದಲೆರಡು ವಾರ ನಿದ್ದೆಯಿಲ್ಲದೆ ಸಿಡುಕಿದರು. ಮಗ ಟೆಸ್ಟು ಕಳಿಸುವುದು ನಿಲ್ಲಿಸಿದ್ದಾನೆ, ಲೇಖನಗಳನ್ನು ಕಳಿಸುತ್ತಾನೆ.

ನೆರೆಮನೆಯ ಕೂಟದಲ್ಲಿ ಭೀಷ್ಮನಾಗಿ ಕೂತು ಬಂದ ಮರುದಿನ ಹೆಗಡೆಯವರೇ ಫೋನು ಮಾಡಿದರು. ಹೇಗಾಯಿತು ಎಂದೆ. "ಒಂದು ಕಡೆ ಒಂದು ಹೆಸರು ಬರ್ಲೇ ಇಲ್ಲ" ಅಂದರು. ಯಾವುದು ಎಂದು ಕೇಳಿದೆ. "ಎದುರು ಕೂತವನಿಗೇ ಗೊತ್ತಾಗಲಿಲ್ಲ, ನಿನಗೆ ಎಂತಕ್ಕೆ ಹೇಳಲಿ?"